ಮೂವತ್ತು ಗುಳಿಗೆಗಳ ಲೆಕ್ಕ

ಎರಡು ವರ್ಷಗಳ ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಊರೊಂದರ ಜಾತ್ರೆಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಟ್ಟಿತ್ತು. ಸರ್ಕಾರಿ ವೈದ್ಯಸೇವೆಯಿಂದ ನಿವೃತ್ತನಾದ ಮೇಲೆ ಇಂಥ ಶಿಬಿರಗಳಿಗೆ ಕರೆದಲ್ಲಿಗೆ ಹೋಗಿಬರುವುದು ನನ್ನ ರೂಢಿ. ರಥೋತ್ಸವದ ಮುನ್ನಾದಿನ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಎರಡು ಕೋಣೆಗಳಲ್ಲಿ ಮುನ್ನೂರಕ್ಕೂ ಮಿಕ್ಕಿ ಜನರನ್ನು ಪರೀಕ್ಷಿಸಿದೆವು. ಅವರಲ್ಲಿ ಐವತ್ತರ ಆಸುಪಾಸಿನ ತಾಯಿಯೊಬ್ಬರು ತಲೆ ಸುತ್ತುತ್ತದೆಂದು ಬಂದಿದ್ದರು. ಹೊಲದ ಕೂಲಿಯಿಂದ ಬದುಕುವವರು. ರಕ್ತದೊತ್ತಡ ೧೮೦ಕ್ಕೆ ೧೧೦ ಇತ್ತು. ಶಿಬಿರದಲ್ಲಿದ್ದ ಹತ್ತು ದಿನದ ಗುಳಿಗೆ ಕೊಟ್ಟು, ಇದನ್ನು ಎಂದೂ ನಿಲ್ಲಿಸಬಾರದೆಂದು ಹೇಳಿ, ಮುಂದಿನದನ್ನು ಸರ್ಕಾರಿ ದವಾಖಾನೆಯಲ್ಲಿ ಪಡೆಯಿರೆಂದು ಚೀಟಿ ಬರೆದುಕೊಟ್ಟೆ. ಸಂಜೆ ಶಾಲು ಹೊದಿಸಿಕೊಂಡು, ಪ್ರಸಾದ ಸ್ವೀಕರಿಸಿ ಊರಿಗೆ ಮರಳಿದೆ. ನನ್ನ ಕರ್ತವ್ಯ ಮುಗಿಯಿತೆಂದೇ ಭಾವಿಸಿದ್ದೆ.

ಮರುವರ್ಷ ಅದೇ ಶಿಬಿರಕ್ಕೆ ಆ ತಾಯಿಯನ್ನು ಮಗ ಎತ್ತಿಕೊಂಡು ಬಂದ. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೊರಡುತ್ತಿರಲಿಲ್ಲ, ಕಣ್ಣಲ್ಲಿ ಮಾತ್ರ ನನ್ನನ್ನು ಗುರುತಿಸಿದ ಕಳೆ ಇತ್ತು. ಮಗನೇ ಹೇಳಿದ: “ಅವ್ವ ಮೂರು ಸಲ ಹೋಗಿದ್ದಳ್ರಿ ಸಾಹೇಬ್ರ. ಗುಳಿಗಿ ಬಂದಿಲ್ಲ, ಮುಂದಿನ ವಾರ ಬಾ ಅಂದ್ರಂತ್ರಿ. ಹೋದಾಗೊಮ್ಮೆ ಒಂದು ದಿನದ ಪಗಾರ ಹೋಗತಿತ್ರಿ. ಅಷ್ಟೊತ್ತಿಗೆ ತಲಿ ಸುತ್ತೂದೂ ನಿಂತಿತ್ತು. ಹಿಂಗಾಗಿ ಬಿಟ್ಟಬಿಟ್ಟಳ್ರಿ.”

ಲಕ್ವ ಹೊಡೆದ ದಿನ ಮಾತ್ರ ಎಲ್ಲವೂ ಸಿಕ್ಕಿತು. ೧೦೮ ವಾಹನ ಬಂತು. ಬಡವರ ಕಾರ್ಡು ಇದ್ದುದರಿಂದ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹನ್ನೊಂದು ದಿನಗಳ ಚಿಕಿತ್ಸೆಯ ಬಹುಪಾಲು ವೆಚ್ಚವನ್ನು ಸರ್ಕಾರವೇ ಭರಿಸಿತು. ಉಳಿದ ಖರ್ಚಿಗೆ ಮನೆಯವರು ಎರಡು ಆಡು ಮಾರಿದರು, ಬಡ್ಡಿಗೆ ಸಾಲ ತಂದರು. ಈಗ ತಾಯಿಯನ್ನು ನೋಡಿಕೊಳ್ಳಲು ಸೊಸೆ ಕೂಲಿ ಬಿಟ್ಟಿದ್ದಾಳೆ. ಆ ತಾಯಿಗೆ ಬೇಕಾಗಿದ್ದುದು ದಿನಕ್ಕೊಂದು ಗುಳಿಗೆ. ಸರ್ಕಾರ ಸಗಟಿನಲ್ಲಿ ಕೊಳ್ಳುವಾಗ ಅದರ ಬೆಲೆ ಒಂದು ರೂಪಾಯಿಗೂ ಕಡಿಮೆ. ಎರಡು ಬಗೆಯ ಗುಳಿಗೆ ಬೇಕಾಗಿದ್ದರೂ ವರ್ಷವಿಡೀ ಕೊಡಲು ತಗಲುತ್ತಿದ್ದ ಹಣ ಆ ಹನ್ನೊಂದು ದಿನಗಳಲ್ಲಿ ಒಂದು ದಿನದ ವೆಚ್ಚಕ್ಕೂ ಸಮನಾಗುತ್ತಿರಲಿಲ್ಲ.

ಸರ್ಕಾರಿ ಆರೋಗ್ಯ ವ್ಯವಸ್ಥೆ ಕುಸಿಯುತ್ತಿದೆ, ಅದನ್ನು ಸರಿಪಡಿಸುವುದು ಹೇಗೆ ಎಂಬ ಚರ್ಚೆ ಪತ್ರಿಕೆಗಳಲ್ಲಿಯೂ ಸದನದಲ್ಲಿಯೂ ಆಗಾಗ ಏಳುತ್ತದೆ. ಪ್ರತಿ ಸಲವೂ ಉತ್ತರ ದೊಡ್ಡದಾಗಿಯೇ ಇರುತ್ತದೆ: ಇನ್ನೊಂದು ವೈದ್ಯಕೀಯ ಕಾಲೇಜು, ಇನ್ನೊಂದು ಬಹುಮಹಡಿ ಆಸ್ಪತ್ರೆ, ಇನ್ನೊಂದು ವಿಮೆ. ಮೂರು ದಶಕಗಳ ಸೇವೆಯ ಬಳಿಕ ನನಗೆ ಉಳಿದಿರುವ ಅಳತೆಗೋಲು ಬಹಳ ಸಣ್ಣದು. ಒಬ್ಬ ಬಡ ರೋಗಿಗೆ ತನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಗೊತ್ತಾದ ದಿನ, ಗೊತ್ತಿರುವ ವ್ಯಕ್ತಿಯ ಕೈಯಿಂದ, ತಿಂಗಳಿಗೆ ಮೂವತ್ತು ಗುಳಿಗೆ ತಪ್ಪದೆ ದೊರೆಯುತ್ತಿದೆಯೇ? ದೊರೆಯುತ್ತಿದ್ದರೆ ಅಲ್ಲಿ ಖರೀದಿ ಸರಿಯಿದೆ, ಉಗ್ರಾಣ ಸರಿಯಿದೆ, ಸಿಬ್ಬಂದಿ ಇದ್ದಾರೆ, ದಾಖಲೆ ಇದೆ ಎಂದರ್ಥ. ದೊರೆಯದಿದ್ದರೆ ಮೇಲಿನ ಕಟ್ಟಡ ಎಷ್ಟು ಎತ್ತರವಿದ್ದರೂ ಬುಡದಲ್ಲಿ ಹುಳುಕಿದೆ. ದುರಸ್ತಿ ಅಲ್ಲಿಂದ ಆರಂಭವಾಗಬೇಕೆಂಬುದು ಈ ಲೇಖನದ ಅರಿಕೆ.

ಈ ಮಾತು ಹೊಸದಲ್ಲ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲೇ, ೧೯೪೬ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ಹಳ್ಳಿಗಳ ನಡುವೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆರೆಯಬೇಕೆಂದೂ, ರೋಗ ಬಂದ ಮೇಲಿನ ಚಿಕಿತ್ಸೆ ಮತ್ತು ರೋಗ ಬಾರದಂತೆ ತಡೆಯುವ ಕೆಲಸ ಒಂದೇ ಸೂರಿನಡಿ ನಡೆಯಬೇಕೆಂದೂ ಹೇಳಿತ್ತು. ಇಂದಿನ ನಿಯಮದಂತೆ ಬಯಲುಸೀಮೆಯಲ್ಲಿ ೩೦,೦೦೦ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ೫,೦೦೦ ಜನರಿಗೊಂದು ಉಪಕೇಂದ್ರ ಇರಬೇಕು. ನಮ್ಮ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಕೇಂದ್ರಗಳಿವೆ. ೨೦೦೫ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಊರೂರಿಗೆ ಆಶಾ ಕಾರ್ಯಕರ್ತೆಯರನ್ನು ತಂದಿತು. ೨೦೧೮ರಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳು ಬಂದರು. ಅಂದರೆ ಅಸ್ಥಿಪಂಜರ ನಮ್ಮಲ್ಲಿದೆ.

ಅದು ಕೆಲಸ ಮಾಡಬಲ್ಲದೆಂಬುದಕ್ಕೆ ಸಾಕ್ಷಿಯೂ ಇದೆ. ನಾನು ಸೇವೆಗೆ ಸೇರಿದ ಹೊಸತರಲ್ಲಿ ಮನೆಯಲ್ಲಿಯೇ ಹೆರಿಗೆ ಎಂಬುದು ಹಳ್ಳಿಗಳ ಸಹಜ ರೂಢಿಯಾಗಿತ್ತು. ಮೂರು ದಿನ ನೋವು ತಿಂದು, ಚಕ್ಕಡಿಯಲ್ಲಿ ಬರುವಷ್ಟರಲ್ಲಿ ಪ್ರಾಣ ಬಿಟ್ಟ ಗರ್ಭಿಣಿಯರನ್ನು ನಾನು ಕಂಡಿದ್ದೇನೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ ೯೭ ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ಆಶಾ ತಾಯಂದಿರು ಮನೆಬಾಗಿಲಿಗೆ ಹೋಗಿ ಹೆಸರು ಬರೆದುಕೊಂಡರು. ತಾಯಿ ಕಾರ್ಡು ಬಂತು. ೨೦೦೮ರಿಂದ ೧೦೮ ವಾಹನ ಓಡಿತು. ಒಂದೊಂದು ಹೆಸರಿನ ಹಿಂದೆಯೂ ಒಬ್ಬರು ಹೊಣೆ ಹೊತ್ತರು. ಸರ್ಕಾರದಿಂದ ಏನೂ ಆಗದೆಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಆದರೆ ಇದೇ ಸಂಗತಿಗೆ ಇನ್ನೊಂದು ಮುಖವಿದೆ. ೨೦೧೮–೨೦ರ ಮಾದರಿ ನೋಂದಣಿ ವರದಿಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ ೧೯, ತಮಿಳುನಾಡಿನಲ್ಲಿ ೫೪ ತಾಯಂದಿರು ಸತ್ತರೆ ಕರ್ನಾಟಕದಲ್ಲಿ ೬೯ ಮಂದಿ ಸತ್ತಿದ್ದಾರೆ. ದಕ್ಷಿಣದ ರಾಜ್ಯಗಳಲ್ಲಿ ಇದೇ ಅತಿ ಹೆಚ್ಚು. ತಾಯಂದಿರನ್ನು ಆಸ್ಪತ್ರೆಯ ಬಾಗಿಲಿಗೆ ತಂದೆವು. ಬಾಗಿಲ ಒಳಗಿನದನ್ನು ಅಷ್ಟೇ ಶ್ರದ್ಧೆಯಿಂದ ಸರಿಪಡಿಸಲಿಲ್ಲ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾವಿಗೀಡಾದಾಗ ನಾಡೇ ಬೆಚ್ಚಿತು. ನರಕ್ಕೆ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಮೂಡಿತು. ಆ ದ್ರಾವಣ ವೈದ್ಯರ ನಿತ್ಯದ ನೀರಿದ್ದಂತೆ. ಅದನ್ನು ಸಂದೇಹಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಆ ಹಾಸಿಗೆಯ ಬಳಿ ನಿಂತ ವೈದ್ಯನ ಸ್ಥಿತಿಯನ್ನು ನಾನು ಊಹಿಸಬಲ್ಲೆ. ತಾಯಿಯಿಲ್ಲದೆ ಮನೆಗೆ ಹೋದ ಕೂಸುಗಳ ಸ್ಥಿತಿಯನ್ನು ಊಹಿಸಲಾರೆ.

ಹೀಗಾಗಿ ಮೊದಲ ಮಾತು ಔಷಧದ್ದು. ಸಿಗದ ಗುಳಿಗೆ, ನಂಬಲಾಗದ ಸಲೈನು, ಇವೆರಡರ ಮೂಲ ಒಂದೇ ಉಗ್ರಾಣದಲ್ಲಿದೆ.

ತುಮಕೂರಿನ ಸಿದ್ಧಗಂಗೆಯಂಥ ದೊಡ್ಡ ಮಠಗಳ ದಾಸೋಹದ ಮನೆಯನ್ನು ಕಂಡ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕುಳಿತ ಮೇಲೆ ಅಕ್ಕಿ ತೀರಿದೆ ಎಂದು ಹೇಳುವ ಪ್ರಸಂಗ ಅಲ್ಲಿ ಬರುವುದಿಲ್ಲ. ಉಗ್ರಾಣದ ಹೊಣೆ ಹೊತ್ತವರು ಮೂಟೆಗಳನ್ನು ಎಣಿಸುತ್ತಲೇ ಇರುತ್ತಾರೆ; ಇಷ್ಟು ದಿನದ್ದು ಉಳಿದಿದೆ ಎನ್ನುವಾಗಲೇ ಮುಂದಿನ ಚಿಂತೆ ಮಾಡುತ್ತಾರೆ; ಬಂದ ಬೇಳೆಯನ್ನು ಕೈಯಲ್ಲಿ ಹಿಡಿದು ನೋಡಿಯೇ ಒಳಗೆ ಇಡಿಸುತ್ತಾರೆ. ಸರ್ಕಾರಿ ಔಷಧದ ಉಗ್ರಾಣಕ್ಕೆ ಬೇಕಾಗಿರುವುದೂ ಇಷ್ಟೇ. ನಮ್ಮಲ್ಲಿ ನಡೆಯುವುದು ಬೇರೆ. ವರ್ಷಕ್ಕೊಮ್ಮೆ ಬೇಡಿಕೆಪಟ್ಟಿ ಬರೆಯುತ್ತೇವೆ. ಬಹಳ ಸಲ ಹಿಂದಿನ ವರ್ಷದ ಪಟ್ಟಿಗೆ ಹತ್ತು ಪಾಲು ಸೇರಿಸಿ. ಟೆಂಡರು ತಡವಾಗುತ್ತದೆ. ಬೇಕಾದ ರಕ್ತದೊತ್ತಡದ ಗುಳಿಗೆ ಇರುವುದಿಲ್ಲ; ಯಾರೂ ಕೇಳದ ಕೆಮ್ಮಿನ ಔಷಧ ಪೆಟ್ಟಿಗೆಗಟ್ಟಲೆ ಬಂದು, ಅವಧಿ ಮೀರಿ, ಲೆಕ್ಕಪರಿಶೋಧಕರಿಗೆ ಉತ್ತರ ಬರೆಯುವ ಕೆಲಸ ವೈದ್ಯನ ಪಾಲಿಗೆ ಉಳಿಯುತ್ತದೆ. ಇಂಥ ಉತ್ತರಗಳನ್ನು ನಾನೇ ಅನೇಕ ಬರೆದಿದ್ದೇನೆ.

ನೆರೆಯ ತಮಿಳುನಾಡು ಇದಕ್ಕೊಂದು ದಾರಿ ಕಂಡುಕೊಂಡು ಮೂವತ್ತು ವರ್ಷಗಳಾದವು. ೧೯೯೪ರಲ್ಲಿ ಅಲ್ಲಿ ವೈದ್ಯಕೀಯ ಸೇವೆಗಳ ನಿಗಮ ಸ್ಥಾಪನೆಯಾಯಿತು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಪಾಸ್‌ಬುಕ್ಕಿನಂಥ ಪುಸ್ತಕ ಕೊಟ್ಟು, ಅದರಲ್ಲಿ ಆ ಆಸ್ಪತ್ರೆಯ ಪಾಲಿನ ಔಷಧದ ಮೊತ್ತವನ್ನು ಬರೆದರು. ಆಸ್ಪತ್ರೆ ತನಗೆ ಬೇಕಾದುದನ್ನು ಬೇಕಾದಾಗ ಜಿಲ್ಲೆಯ ಉಗ್ರಾಣದಿಂದ ಪಡೆಯುತ್ತದೆ. ಪುಸ್ತಕದಲ್ಲಿ ಮೊತ್ತ ಕಳೆಯುತ್ತದೆ. ಉಗ್ರಾಣಕ್ಕೆ ಬಂದ ಪ್ರತಿ ತಂಡದ ಔಷಧದ ಮಾದರಿಯನ್ನು ತಯಾರಕರ ಹೆಸರು ಮರೆಮಾಡಿ, ಗುಪ್ತ ಸಂಖ್ಯೆ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಅದು ಆಸ್ಪತ್ರೆಗೆ ಹೊರಡುತ್ತದೆ. ಇದರಲ್ಲಿ ಅರ್ಥವಾಗದ ವಿಜ್ಞಾನ ಯಾವುದೂ ಇಲ್ಲ. ನಮ್ಮ ರಾಜ್ಯದಲ್ಲಿಯೂ ವೈದ್ಯಕೀಯ ಸರಬರಾಜಿಗೆಂದೇ ನಿಗಮವಿದೆ, ಜಿಲ್ಲೆಗಳಲ್ಲಿ ಉಗ್ರಾಣಗಳಿವೆ, ಗಣಕಯಂತ್ರದಲ್ಲಿ ದಾಸ್ತಾನಿನ ಲೆಕ್ಕವೂ ಇದೆ. ಕೊರತೆಯಿರುವುದು ದಾಸ್ತಾನು ಇಂತಿಷ್ಟಕ್ಕಿಂತ ಕೆಳಗಿಳಿದರೆ ಯಾರ ನಿದ್ದೆ ಕೆಡಬೇಕು ಎಂಬ ನಿರ್ಣಯದಲ್ಲಿ. ಹೆಸರಿಟ್ಟು ಹೊಣೆ ಹೊರಿಸದ ಹೊರತು ಗಣಕಯಂತ್ರ ಶೂನ್ಯವನ್ನು ಅಂದವಾಗಿ ತೋರಿಸುತ್ತ ಕೂರುತ್ತದೆ.

ನನ್ನ ಸಲಹೆ ಸರಳವಾಗಿದೆ. ನೂರಾರು ಔಷಧಗಳ ಪಟ್ಟಿಯನ್ನು ಒಮ್ಮೆಗೇ ಸರಿಮಾಡುವುದು ಕಷ್ಟವಾದರೆ, ಹದಿನೈದು ಇಪ್ಪತ್ತನ್ನು ಆರಿಸಿಕೊಳ್ಳಲಿ: ರಕ್ತದೊತ್ತಡದ ಎರಡು, ಸಕ್ಕರೆ ಕಾಯಿಲೆಯ ಎರಡು ಮತ್ತು ಇನ್ಸುಲಿನ್, ಮೂರ್ಛೆರೋಗದ್ದು, ದಮ್ಮಿನದು, ಗರ್ಭಿಣಿಯರ ಕಬ್ಬಿಣಾಂಶದ ಗುಳಿಗೆ, ಹೆರಿಗೆಯ ನಂತರ ರಕ್ತಸ್ರಾವ ತಡೆಯುವ ಚುಚ್ಚುಮದ್ದು, ಹಾವು ಕಚ್ಚಿದವರಿಗೆ ಮತ್ತು ನಾಯಿ ಕಚ್ಚಿದವರಿಗೆ ಕೊಡುವ ಔಷಧಗಳು, ಹೀಗೆ. ಇವು ಯಾವ ಪ್ರಾಥಮಿಕ ಕೇಂದ್ರದಲ್ಲಿಯೂ ಒಂದು ದಿನವೂ ಇಲ್ಲವೆನ್ನಕೂಡದು. ಇಲ್ಲವಾದ ದಿನ ಜಿಲ್ಲಾಧಿಕಾರಿಗೆ ತಿಳಿಯಬೇಕು, ಏಕೆಂಬುದಕ್ಕೆ ಲಿಖಿತ ಉತ್ತರ ಬರಬೇಕು. ಇಷ್ಟಾದರೆ ಉಳಿದ ಪಟ್ಟಿ ತಾನಾಗಿಯೇ ಅದರ ಹಿಂದೆ ಬರುತ್ತದೆ.

೨೦೧೭ರಲ್ಲಿ ಪಂಜಾಬ್, ಕೇರಳ, ಮಹಾರಾಷ್ಟ್ರ, ಮಧ್ಯಪ್ರದೇಶ, ತೆಲಂಗಾಣಗಳ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಈ ದಾರಿಯಲ್ಲಿಯೇ ನಡೆಯಿತು. ಎಲ್ಲ ವೈದ್ಯರೂ ಒಂದೇ ಬಗೆಯ ಸರಳ ಕ್ರಮದಲ್ಲಿ ಔಷಧ ಬರೆಯುವುದು, ಒಮ್ಮೆಗೆ ಮೂವತ್ತು ದಿನದ ಗುಳಿಗೆ ಕೊಡುವುದು, ಒತ್ತಡ ಅಳೆಯುವ ಮತ್ತು ಗುಳಿಗೆ ಕೊಡುವ ಕೆಲಸವನ್ನು ಶುಶ್ರೂಷಕಿಯರಿಗೂ ಉಪಕೇಂದ್ರಗಳಿಗೂ ವಹಿಸುವುದು, ಬಾರದವರನ್ನು ಹೆಸರು ಹಿಡಿದು ಹುಡುಕುವುದು. ತಮಿಳುನಾಡು ೨೦೨೧ರ ಆಗಸ್ಟಿನಲ್ಲಿ ನಮ್ಮ ಗಡಿಗೆ ಹೊಂದಿದ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಿಂದ ಆರಂಭಿಸಿ ಮನೆಮನೆಗೆ ಔಷಧ ತಲುಪಿಸತೊಡಗಿತು. ಕರ್ನಾಟಕವೂ ೨೦೨೪ರಲ್ಲಿ ಗೃಹ ಆರೋಗ್ಯ ಎಂಬ ಯೋಜನೆಯಡಿ ಮನೆಬಾಗಿಲಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಲು ಹೊರಟಿದೆ. ಸಂತೋಷ. ನನ್ನ ಅಂಜಿಕೆ ಒಂದೇ: ಪರೀಕ್ಷಿಸಿದವರ ಸಂಖ್ಯೆ ಲಕ್ಷಗಳಲ್ಲಿ ಪ್ರಕಟವಾಗುತ್ತದೆ, ಆರನೆಯ ತಿಂಗಳೂ ಗುಳಿಗೆ ನುಂಗುತ್ತಿರುವವರ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಜಾತ್ರೆಯ ಶಿಬಿರ ಮಾಡಿದ ತಪ್ಪನ್ನು ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮಾಡದಿರಲಿ.

ಇನ್ನು ಮನುಷ್ಯರ ಮಾತು. ಗುಳಿಗೆ ಬಂದರೂ ಕೊಡುವವರು ಬೇಕು. ವೈದ್ಯರ ಕೊರತೆ ಎಲ್ಲರ ಬಾಯಲ್ಲಿದೆ. ಔಷಧ ವಿತರಕರು, ಪ್ರಯೋಗಾಲಯ ತಂತ್ರಜ್ಞರು, ಶುಶ್ರೂಷಕಿಯರು ಇಲ್ಲದ ಕೊರತೆ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಔಷಧ ವಿತರಕನಿಲ್ಲದ ಕೇಂದ್ರದಲ್ಲಿ ಶುಶ್ರೂಷಕಿ ಗುಳಿಗೆ ಎಣಿಸುತ್ತಾಳೆ, ಆಗ ಹೆರಿಗೆ ಕೋಣೆ ಬರಿದಾಗುತ್ತದೆ. ಒಂದು ಕೇಂದ್ರದಲ್ಲಿ ನಾನು ಎರಡು ವರ್ಷ ಪ್ರಯೋಗಾಲಯ ತಂತ್ರಜ್ಞನಿಲ್ಲದೆ ಕಳೆದೆ. ಜ್ವರದವರನ್ನೆಲ್ಲ ಇಪ್ಪತ್ತು ಕಿಲೋಮೀಟರ್ ದೂರದ ಖಾಸಗಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆ. ಅಲ್ಲಿಗೆ ಹೋದವರು ಅಲ್ಲಿಯ ಡಾಕ್ಟರರಿಗೇ ತೋರಿಸಿಕೊಂಡು ಬರುತ್ತಿದ್ದರು. ತಪ್ಪೇನು?

ಇದ್ದವರಲ್ಲಿಯೂ ಬಹಳಷ್ಟು ಜನ ಗುತ್ತಿಗೆಯವರು. ವರ್ಷವರ್ಷವೂ ಆದೇಶ ನವೀಕರಣವಾಗಬೇಕು. ಸಂಬಳ ಎರಡು ಮೂರು ತಿಂಗಳು ತಡವಾಗುವುದೂ ಉಂಟು. ಇಂಥವರಿಂದ ಒಂದು ಊರಿನ ಐದು ಸಾವಿರ ಜನರ ಆರೋಗ್ಯವನ್ನು ಹತ್ತು ವರ್ಷ ಕಾಪಾಡು ಎಂದು ಅಪೇಕ್ಷಿಸುವುದು ನ್ಯಾಯವಲ್ಲ. ೨೦೨೫ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಕುಳಿತದ್ದು ನಿಶ್ಚಿತ ಗೌರವಧನಕ್ಕಾಗಿ. ತಿಂಗಳಿಗೆ ೧೦,೦೦೦ ರೂಪಾಯಿಯ ಭರವಸೆ ಪಡೆದು ಅವರು ಎದ್ದರು. ನೂರರಲ್ಲಿ ೯೭ ಹೆರಿಗೆಗಳನ್ನು ಆಸ್ಪತ್ರೆಗೆ ತಂದ ಕೈಗಳಿಗೆ ಇಷ್ಟು ಕೇಳಲು ಬೀದಿಯಲ್ಲಿ ಕೂರಬೇಕಾಯಿತು.

ವೈದ್ಯರು ಹಳ್ಳಿಗೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿ ಉತ್ತರಿಸಬೇಕು, ಏಕೆಂದರೆ ನಾನೂ ಒಮ್ಮೆ ಓಡಿಬಂದವನೇ. ಸೇವೆಯ ಏಳನೆಯ ವರ್ಷ ಮಗಳ ಶಾಲೆಯ ನೆಪ ಹೇಳಿ, ಪರಿಚಯದ ಜನಪ್ರತಿನಿಧಿಯೊಬ್ಬರ ಪತ್ರ ಹಿಡಿದು ತಾಲ್ಲೂಕು ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡೆ. ನೆಪವೆಂದರೂ ಅದು ಸುಳ್ಳಾಗಿರಲಿಲ್ಲ. ವಸತಿಗೃಹದ ಮಾಳಿಗೆ ಸೋರುತ್ತಿತ್ತು, ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ರಾತ್ರಿ ಕುಡಿದು ಬಂದವರು ಬಾಗಿಲು ಬಡಿದರೆ ಕೇಳುವವರಿರಲಿಲ್ಲ. ನಾನು ಬಿಟ್ಟ ಜಾಗ ಹದಿನಾಲ್ಕು ತಿಂಗಳು ಖಾಲಿ ಉಳಿಯಿತೆಂದು ಆಮೇಲೆ ತಿಳಿಯಿತು. ಆ ಹದಿನಾಲ್ಕು ತಿಂಗಳ ಲೆಕ್ಕ ಈಗ ವಯಸ್ಸಾದ ಮೇಲೆ ನನ್ನನ್ನು ಕಾಡುತ್ತದೆ.

ಕಲಿತು ಹೊರಬಂದ ವೈದ್ಯರು ಒಂದು ವರ್ಷ ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕೆಂದು ನಮ್ಮ ರಾಜ್ಯ ೨೦೧೨ರಲ್ಲಿ ಕಾಯ್ದೆ ಮಾಡಿತು. ವರ್ಗಾವಣೆಗೆಂದೇ ೨೦೧೧ರ ಕಾಯ್ದೆಯಿದೆ. ಕಾಯ್ದೆ ಬೇಡವೆನ್ನಲಾರೆ. ಆದರೆ ದಿನ ಎಣಿಸುತ್ತ ಕುಳಿತ ವೈದ್ಯನಿಂದ ಗಾಯಕ್ಕೆ ಹೊಲಿಗೆ ಬೀಳಬಹುದು, ದೀರ್ಘ ಕಾಯಿಲೆಯ ರೋಗಿಗೆ ಬೇಕಾದ ಪರಿಚಯ ಬೆಳೆಯುವುದಿಲ್ಲ. ಹಿಂದುಳಿದ ತಾಲ್ಲೂಕಿನಲ್ಲಿ ಐದು ವರ್ಷ ದುಡಿದವರಿಗೆ ಸ್ನಾತಕೋತ್ತರ ಪ್ರವೇಶದಲ್ಲಿ ಮೊದಲ ಆದ್ಯತೆ, ಅವಧಿ ಮುಗಿದೊಡನೆ ಯಾರ ಪತ್ರವೂ ಬೇಡದೆ ಕೇಳಿದ ಊರಿಗೆ ವರ್ಗ, ಒಂದು ಕೇಂದ್ರಕ್ಕೆ ಒಬ್ಬರ ಬದಲು ಇಬ್ಬರು ವೈದ್ಯರು, ಅವರು ತಾಲ್ಲೂಕು ಊರಿನಲ್ಲಿ ಮಕ್ಕಳೊಡನೆ ವಾಸಿಸಿ ಸರದಿಯಂತೆ ಬಂದುಹೋಗಲು ವಾಹನ: ಇವು ಬೆದರಿಕೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ವೈದ್ಯ ಹಳ್ಳಿಯಲ್ಲಿಯೇ ಮಲಗಬೇಕೆಂಬ ಹಟ ಹಳೆಯದು. ರಸ್ತೆಗಳು ಈಗ ಹಾಗಿಲ್ಲ. ರಾತ್ರಿ ಶುಶ್ರೂಷಕಿ ಇರಲಿ, ವೈದ್ಯ ಹಗಲು ತಪ್ಪದೆ ಇರಲಿ. ಈ ಮಾತಿಗೆ ನನ್ನ ಹಿರಿಯ ಸಹೋದ್ಯೋಗಿಗಳು ಸಿಟ್ಟಾಗುತ್ತಾರೆಂದು ಬಲ್ಲೆ.

ಇದೇ ಸಂದರ್ಭದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರನ್ನು ನೆನೆಯಬೇಕು. ಅವರ ಕರುಣಾ ಟ್ರಸ್ಟ್ ೧೯೯೬ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಅವರ ಅಧ್ಯಕ್ಷತೆಯ ಕಾರ್ಯಪಡೆ ೨೦೦೧ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಶಿರೋನಾಮೆಯಲ್ಲಿಯೇ ಸಮತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಪದಗಳಿದ್ದವು. ಕೆಲವರು ಗುಂಬಳ್ಳಿಯನ್ನು ತೋರಿಸಿ ಎಲ್ಲ ಕೇಂದ್ರಗಳನ್ನೂ ಸಂಸ್ಥೆಗಳಿಗೆ ಒಪ್ಪಿಸಿಬಿಡಿ ಎನ್ನುತ್ತಾರೆ. ಎರಡು ಸಾವಿರ ಕೇಂದ್ರಗಳಿಗೆ ಎರಡು ಸಾವಿರ ಸುದರ್ಶನರನ್ನು ಎಲ್ಲಿಂದ ತರುವುದು? ಅಲ್ಲಿಂದ ಕಲಿಯಬೇಕಾದುದು ಬೇರೆ: ಸರ್ಕಾರಿ ಕೇಂದ್ರವೂ ಹೊಣೆಯರಿತವರ ಕೈಯಲ್ಲಿ ಚೆನ್ನಾಗಿ ನಡೆಯಬಲ್ಲದು.

ಹಣದ ಮಾತಿಗೆ ಬರುತ್ತೇನೆ. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿ ೨೦೨೫ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಉತ್ಪನ್ನದ ಶೇಕಡ ೨.೫ ಆಗಬೇಕೆಂದಿತು, ಅದರ ಮೂರನೆಯ ಎರಡು ಪಾಲು ಪ್ರಾಥಮಿಕ ಆರೋಗ್ಯಕ್ಕೇ ಹೋಗಬೇಕೆಂದಿತು. ೨೦೨೧–೨೨ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಂತೆ ಅದು ಶೇಕಡ ೧.೮೪, ಆ ವರ್ಷ ಆರೋಗ್ಯಕ್ಕೆ ದೇಶದಲ್ಲಿ ಖರ್ಚಾದ ನೂರು ರೂಪಾಯಿಗಳಲ್ಲಿ ೩೯ಕ್ಕೂ ಹೆಚ್ಚು ರೋಗಿಗಳೇ ಕೈಯಾರೆ ತೆತ್ತದ್ದು. ರಾಜ್ಯಗಳು ತಮ್ಮ ಆಯವ್ಯಯದ ಶೇಕಡ ೮ರಷ್ಟನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂಬುದು ಅದೇ ನೀತಿಯ ಮಾತು. ನಮ್ಮದು ಶೇಕಡ ೪ರ ಆಸುಪಾಸಿನಲ್ಲಿದೆ.

ಇರುವ ಹಣವೂ ಮೇಲಕ್ಕೇ ಹರಿಯುತ್ತದೆ. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡಿಸುವ ಯೋಜನೆಯನ್ನು ನಾನು ಹಳಿಯುವುದಿಲ್ಲ. ಹೃದಯದ ಕವಾಟ ಕೆಟ್ಟ ಮಗುವಿಗೆ, ಕ್ಯಾನ್ಸರ್ ಬಂದ ತಾಯಿಗೆ ಅದು ಜೀವದಾನ. ೨೦೨೪ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ೩೭೧ ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾದಾಗ ಹರ್ಷಪಟ್ಟವರಲ್ಲಿ ನಾನೂ ಒಬ್ಬ. ಎದೆನೋವಿನವರನ್ನು ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಸಾಗಿಸುವ ದಾರಿಯಲ್ಲೇ ಕಳೆದುಕೊಂಡ ಪ್ರಾಂತ ನಮ್ಮದು. ಡಾ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ೨೧ ಈ ಭಾಗದವೇ. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಆ ಹಾಸಿಗೆಗಳಲ್ಲಿ ಮಲಗಿದವರಲ್ಲಿ ಎಷ್ಟು ಮಂದಿಗೆ ಹತ್ತು ವರ್ಷ ಮೊದಲೇ ರಕ್ತದೊತ್ತಡದ, ಸಕ್ಕರೆಯ ಗುಳಿಗೆ ತಪ್ಪದೆ ಸಿಕ್ಕಿದ್ದರೆ ಅಲ್ಲಿಗೆ ಬರುವ ಪ್ರಮೇಯವಿರುತ್ತಿರಲಿಲ್ಲ? ವಿಮೆಯ ವ್ಯವಸ್ಥೆಯಲ್ಲಿ ಲಕ್ವ ಹೊಡೆದ ಮೇಲೆ ಆಸ್ಪತ್ರೆಗೆ ಹಣ ಸಂದಾಯವಾಗುತ್ತದೆ. ಹೊಡೆಯದಂತೆ ನೋಡಿಕೊಂಡ ಶುಶ್ರೂಷಕಿಗೆ, ಆಶಾ ಕಾರ್ಯಕರ್ತೆಗೆ ಯಾವ ಬಿಲ್ಲೂ ಇಲ್ಲ, ಯಾವ ಉದ್ಘಾಟನೆಯೂ ಇಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬಂದಾಗ ನಮ್ಮ ಜನಪ್ರತಿನಿಧಿಗಳು ಕೇಳುವುದು ಕಟ್ಟಡ. ಕಟ್ಟಡಕ್ಕೆ ಶಿಲಾಫಲಕ ಹಾಕಬಹುದು, ಗುಳಿಗೆಗೆ ಹಾಕಲಾಗದು.

ಓದುಗರು ಇದೆಲ್ಲ ಸರ್ಕಾರದ ಕೆಲಸ, ನಾವೇನು ಮಾಡಬಲ್ಲೆವು ಎಂದು ಕೇಳಬಹುದು. ಪ್ರತಿ ಪ್ರಾಥಮಿಕ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿಯಿದೆ, ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಿದೆ. ಅವುಗಳ ಕೈಯಲ್ಲಿ ಸಣ್ಣ ಮೊತ್ತದ ಹಣವೂ ಇರುತ್ತದೆ. ನಾನು ಕಾರ್ಯದರ್ಶಿಯಾಗಿದ್ದ ಸಮಿತಿಗಳಲ್ಲಿ ಸಭೆಯ ನಡಾವಳಿ ಬರೆದು, ಪುಸ್ತಕವನ್ನು ಜವಾನನ ಕೈಯಲ್ಲಿ ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡದ್ದೇ ಹೆಚ್ಚು. ಸದಸ್ಯರು ಬಂದು ಕೂತಿದ್ದರೆ ನನಗೆ ಇಕ್ಕಟ್ಟಾಗುತ್ತಿತ್ತು, ಊರಿಗೆ ಒಳಿತಾಗುತ್ತಿತ್ತು. ಊರಿನ ನಾಲ್ಕು ಜನ, ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳು, ತಿಂಗಳಿಗೊಮ್ಮೆ ಕೇಂದ್ರಕ್ಕೆ ಹೋಗಿ ಯಾವ ಗುಳಿಗೆ ಎಷ್ಟಿದೆ, ಯಾವುದು ಇಲ್ಲ, ಎಂದಿನಿಂದ ಇಲ್ಲ ಎಂದು ಕೇಳಿ, ಅದನ್ನು ಬಾಗಿಲ ಬಳಿಯ ಹಲಗೆಯಲ್ಲಿ ಬರೆಸಲಿ. ಜಗಳ ಬೇಡ. ಸಿಟ್ಟಿನಲ್ಲಿ ವೈದ್ಯನ ಅಂಗಿ ಹಿಡಿದ ಊರಿಗೆ ಮತ್ತೊಬ್ಬ ವೈದ್ಯ ಬರುವುದಿಲ್ಲ, ಇದನ್ನೂ ನಾನು ಕಂಡಿದ್ದೇನೆ. ಹಲಗೆಯ ಮೇಲಿನ ಬರಹ ಸಾಕು. ಅದರ ಫೋಟೋ ಮೇಲಧಿಕಾರಿಗೆ ಹೋದರೆ ಇನ್ನೂ ಒಳ್ಳೆಯದು. ಹೀಗೆ ಕೇಳುವವರಿದ್ದರೆ ಒಳ್ಳೆಯ ವೈದ್ಯನಿಗೆ ಬಲವೇ ಬರುತ್ತದೆ. ಗುಳಿಗೆಗಾಗಿ ಅವನೊಬ್ಬನೇ ಬರೆದ ಪತ್ರಕ್ಕಿಂತ ಊರು ಬರೆದ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಶಿಬಿರಗಳನ್ನು ಏರ್ಪಡಿಸುವ ಮಠಗಳಿಗೂ, ಸಂಘಗಳಿಗೂ ನನ್ನದೊಂದು ಪ್ರಾರ್ಥನೆ. ಮುಂದಿನ ಹನ್ನೆರಡು ತಿಂಗಳ ಗುಳಿಗೆಯ ದಾರಿ ನಿಶ್ಚಯವಾಗದೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಶಿಬಿರ ಮಾಡಬೇ‍ಡಿ. ರೋಗವಿದೆಯೆಂದು ಹೇಳಿ ಕೈಬಿಡುವುದರಿಂದ ರೋಗಿಗೆ ಚಿಂತೆಯೊಂದೇ ಉಳಿಯುತ್ತದೆ. ಶಿಬಿರದ ದಿನವೇ ಆ ಊರಿನ ಶುಶ್ರೂಷಕಿಯನ್ನು, ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸನ್ಮಾನ ಮಾಡುವುದಿದ್ದರೆ ಅವರಿಗೆ ಮಾಡಿ.

ಈ ವರ್ಷ ಆ ಊರಿನ ಜಾತ್ರೆಯಲ್ಲಿ ನಾವು ಹಾಗೆಯೇ ಮಾಡಿದೆವು. ಪರೀಕ್ಷೆಯಲ್ಲಿ ಕಂಡುಬಂದ ೪೬ ಜನರ ಹೆಸರು, ಓಣಿ, ಫೋನ್ ಸಂಖ್ಯೆ ಬರೆದ ಪಟ್ಟಿಯ ಒಂದು ಪ್ರತಿ ಪ್ರಾಥಮಿಕ ಕೇಂದ್ರಕ್ಕೆ, ಒಂದು ಪ್ರತಿ ಆಶಾ ಕಾರ್ಯಕರ್ತೆಯರಿಗೆ. ಕೇಂದ್ರದ ಹೊಸ ವೈದ್ಯೆ ಮಂಗಳವಾರವನ್ನು ಗೊತ್ತುಮಾಡಿದರು. ಮೊದಲ ತಿಂಗಳು ೪೧ ಜನ ಮೂವತ್ತು ಗುಳಿಗೆ ಒಯ್ದರು. ಎರಡನೆಯ ತಿಂಗಳು ೩೩. ಬಾರದ ೧೩ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಹೋಗಿಬಂದರು. ನಾಲ್ವರು ತಲೆನೋವು ಹೋಯಿತೆಂದು ಬಿಟ್ಟಿದ್ದರು, ಅವರನ್ನು ಒಪ್ಪಿಸಿದ್ದಾಯಿತು. ಒಬ್ಬರು ನಾಟಿ ವೈದ್ಯರ ಬಳಿ ಹೋಗುತ್ತಿದ್ದಾರೆ. ಉಳಿದ ಎಂಟು ಮನೆಗಳಿಗೆ ಬೀಗ ಬಿದ್ದಿದೆ. ಬೆಂಗಳೂರಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆಯನ್ನು ಒಮ್ಮೆಗೇ ಕೊಡಲು ಅನುಮತಿ ಕೋರಿ ವೈದ್ಯೆ ಜಿಲ್ಲೆಗೆ ಪತ್ರ ಬರೆದಿದ್ದಾರೆ. ಊರಿನ ಸಮಿತಿಯೂ ಅದಕ್ಕೆ ಸಹಿ ಹಾಕಿದೆ. ಉತ್ತರ ಬರಬೇಕಾಗಿದೆ.